ಬ್ರೂಕ್ಲಿನ್‌ನ ಪೊಳ್ಳು ನಿಕಲ್: ಒಂದು ಗಿಮಿಕ್ ನಾಣ್ಯದ ಪ್ರಕರಣ ಅಧ್ಯಯನ

ಜಾದೂಗಾರರಿಗಾಗಿ ಗಿಮಿಕ್ ನಾಣ್ಯಗಳನ್ನು, ಅಂದರೆ ಗುಟ್ಟಾಗಿ ಮಾರ್ಪಡಿಸಿದ ನಾಣ್ಯಗಳನ್ನು, ತಯಾರಿಸುವ ಕಸುಬಿನ ಬಗ್ಗೆ ಬರವಣಿಗೆ ತೀರ ಕಡಿಮೆ. ಮಾಡುವವರು ಗುಟ್ಟು ಬಿಟ್ಟುಕೊಡುವುದಿಲ್ಲ, ಕೊಂಡವರು ಅದನ್ನು ಕಾಪಾಡಿಕೊಳ್ಳುತ್ತಾರೆ. ಹೀಗಿರುವಾಗ, ಅದೇ ಕಸುಬಿನ ಕ್ರಮದಲ್ಲಿ ತಯಾರಾದ ಒಂದು ನಾಣ್ಯ ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷೆಗೊಳಗಾಗಿ, ಅದರ ರಚನೆಯ ವಿವರ ಸಾರ್ವಜನಿಕ ದಾಖಲೆಯಾಗಿ ಉಳಿದಿರುವುದು ಅಪರೂಪದ ಸಂಗತಿ. 1953ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಸಿಕ್ಕ ಪೊಳ್ಳು ನಿಕಲ್ (ಅಮೆರಿಕದ ಐದು ಸೆಂಟಿನ ನಾಣ್ಯ) ಅಂಥದ್ದು. ಇತಿಹಾಸದ ಪುಸ್ತಕಗಳಲ್ಲಿ ಅದು ಶೀತಲ ಸಮರದ ಗೂಢಚಾರಿಕೆಯ ಕಥೆಯಾಗಿ ಪ್ರಸಿದ್ಧ. ಅದನ್ನು ಲೇತ್‌ನ ಮುಂದೆ ನಿಂತ ಕೆಲಸಗಾರನ ಕಣ್ಣಿನಿಂದ ನೋಡಿದವರು ವಿರಳ. ಆ ನಾಣ್ಯವನ್ನು ಕಡೆದ ಕೈ ಪಳಗಿದ ಕೈ ಎಂಬುದರಲ್ಲಿ ನನಗೆ ಸಂಶಯವಿಲ್ಲ; ಆದರೆ ಬಳಸುವವನ ಜೇಬಿನಲ್ಲಿ ಅದರ ಗತಿ ಏನಾಗಬಹುದು ಎಂಬುದನ್ನು ಆ ಕೈ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದು ಈ ಅಧ್ಯಯನದ ವಾದ.

ನಾಣ್ಯ ಸಿಕ್ಕ ಬಗೆ

1953ರ ಜೂನ್ 22ರ ಸೋಮವಾರ, ಬ್ರೂಕ್ಲಿನ್ ಈಗಲ್ ಪತ್ರಿಕೆ ಹಂಚುವ ಹುಡುಗನೊಬ್ಬ ಫಾಸ್ಟರ್ ಅವೆನ್ಯೂನ 3403ನೇ ಸಂಖ್ಯೆಯ ಕಟ್ಟಡದಲ್ಲಿ ಪತ್ರಿಕೆಯ ಹಣ ವಸೂಲಿ ಮಾಡುತ್ತಿದ್ದ. ಒಂದು ಮನೆಯವರ ಬಳಿ ಚಿಲ್ಲರೆ ಇರಲಿಲ್ಲ. ಎದುರು ಮನೆಯ ಇಬ್ಬರು ಮಹಿಳೆಯರು ತಮ್ಮ ಪರ್ಸುಗಳನ್ನು ತಡಕಾಡಿ ಒಂದು ಡಾಲರಿಗೆ ಚಿಲ್ಲರೆ ಹೊಂದಿಸಿಕೊಟ್ಟರು. ಹುಡುಗ ಹೊರಗೆ ಬರುತ್ತ ಎಡಗೈಯಲ್ಲಿ ನಾಣ್ಯಗಳನ್ನು ಕುಲುಕಿಸಿದಾಗ ಅವುಗಳಲ್ಲಿ ಒಂದರ ನಾದ ಬೇರೆಯಾಗಿ ಕೇಳಿಸಿತು. ಆ ಐದು ಸೆಂಟಿನ ನಾಣ್ಯವನ್ನು ಅವನು ಬೆರಳಿನ ಮೇಲಿಟ್ಟು ನೋಡಿದ. ಉಳಿದ ನಿಕಲ್‌ಗಳಿಗಿಂತ ಹಗುರವೆನಿಸಿತು. ಆಮೇಲೆ ಅದನ್ನು ನೆಲಕ್ಕೆ ಬೀಳಿಸಿದ. ನಾಣ್ಯ ಎರಡು ಹೋಳಾಗಿ ತೆರೆದುಕೊಂಡಿತು. ಒಳಗೆ ಅಂಕಿಗಳ ಸಾಲುಗಳನ್ನು ತೋರಿಸುವ ಪುಟ್ಟ ಛಾಯಾಚಿತ್ರವಿತ್ತು.

ಈ ಸುದ್ದಿ ಹುಡುಗನಿಂದ ಒಬ್ಬ ಪೊಲೀಸ್ ಅಧಿಕಾರಿಯ ಮಗಳಿಗೆ, ಅವಳಿಂದ ಅವಳ ತಂದೆಗೆ, ನ್ಯೂಯಾರ್ಕ್ ಪೊಲೀಸರಿಂದ ಎರಡು ದಿನಗಳಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐಗೆ ತಲುಪಿತು. ಆ ಹುಡುಗ ಮಾಡಿದ ಮೂರು ಪರೀಕ್ಷೆಗಳು, ಅಂದರೆ ನಾದ, ತೂಕ, ಬಡಿತ, ಯಾವುದೇ ಗಿಮಿಕ್ ನಾಣ್ಯದ ತಯಾರಕ ತನ್ನ ಕೆಲಸವನ್ನು ಪರೀಕ್ಷಿಸಲು ಮಾಡುವ ಮೂರು ಪರೀಕ್ಷೆಗಳೇ ಆಗಿವೆ. ಚಿನ್ನ ಬೆಳ್ಳಿ ವ್ಯಾಪಾರಿಗಳೂ ಖೋಟಾ ನಾಣ್ಯವನ್ನು ಕಲ್ಲಿನ ಮೇಲೆ ಕುಟ್ಟಿ ನಾದ ಕೇಳಿಯೇ ಪತ್ತೆ ಮಾಡುತ್ತಿದ್ದರು. ಘನ ಲೋಹದ ಬಿಲ್ಲೆಯೊಂದನ್ನು ಬಡಿದಾಗ ಅದು ಇಡಿಯಾಗಿ ಕಂಪಿಸಿ ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ. ಎರಡು ತೆಳು ಹೋಳುಗಳು ಒಂದರೊಳಗೊಂದು ಕೂತಿದ್ದರೆ ಅವುಗಳ ಅಂಚುಗಳು ತಿಕ್ಕಾಡಿ ಆ ಕಂಪನವನ್ನು ನುಂಗಿಬಿಡುತ್ತವೆ, ಕಿವಿಗೆ ಬರುವುದು ಮೊಂಡು ಸದ್ದು. ಎಷ್ಟೇ ನಾಜೂಕಾಗಿ ಕಡೆದರೂ ಈ ದೋಷವನ್ನು ಪೂರ್ತಿ ನಿವಾರಿಸಲು ಆಗುವುದಿಲ್ಲ.

ಪ್ರಯೋಗಾಲಯ ಕಂಡದ್ದು

ವಾಷಿಂಗ್ಟನ್ನಿನ ಎಫ್‌ಬಿಐ ಪ್ರಯೋಗಾಲಯದ ಪರೀಕ್ಷೆಯಿಂದ ಹೊರಬಂದ ಸಂಗತಿಗಳು ಇವು. ನಾಣ್ಯದ ಮುಖಭಾಗ 1948ರ, ಅಧ್ಯಕ್ಷ ಜೆಫರ್ಸನ್ ಚಿತ್ರವಿರುವ ಜೆಫರ್ಸನ್ ನಿಕಲ್‌ನದು. ಅದರ ಮೇಲಿನ ‘ಇನ್ ಗಾಡ್ ವಿ ಟ್ರಸ್ಟ್’ ಎಂಬ ಬರಹದ ಕೊನೆಯ ಪದದ ‘ಆರ್’ ಅಕ್ಷರದಲ್ಲಿ ಅತಿ ಸಣ್ಣ ರಂಧ್ರವೊಂದನ್ನು ಕೊರೆಯಲಾಗಿತ್ತು. ನವಿರಾದ ಸೂಜಿ ತೂರಿಸಿ ನಾಣ್ಯವನ್ನು ತೆರೆಯಲು ಮಾಡಿದ ದಾರಿ ಅದು. ಹಿಂಭಾಗ ಬೇರೊಂದು ನಾಣ್ಯದ್ದು. ಅದರ ಲೋಹ ತಾಮ್ರ ಮತ್ತು ಬೆಳ್ಳಿಯ ಮಿಶ್ರಣವಾಗಿದ್ದುದರಿಂದ ಅದು 1942ರಿಂದ 1945ರ ನಡುವೆ ಅಚ್ಚಾದದ್ದು ಎಂದು ತಿಳಿಯಿತು, ಏಕೆಂದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಕಲ್ ಲೋಹದ ಅಭಾವವಿತ್ತು. ಮಾಮೂಲಿ ಜೆಫರ್ಸನ್ ನಿಕಲ್‌ನಲ್ಲಿ ಶೇ. 75 ತಾಮ್ರ, ಶೇ. 25 ನಿಕಲ್ ಇದ್ದರೆ, ಯುದ್ಧಕಾಲದ ನಾಣ್ಯದಲ್ಲಿ ಶೇ. 56 ತಾಮ್ರ, ಶೇ. 35 ಬೆಳ್ಳಿ, ಶೇ. 9 ಮ್ಯಾಂಗನೀಸ್ ಇತ್ತು.

ಇಲ್ಲಿ ನಾಣ್ಯ ಸಂಗ್ರಾಹಕರಿಗೆ ಮಾತ್ರ ತಟ್ಟನೆ ಕಾಣುವ ಒಂದು ಸಂಗತಿ ಇದೆ. ಯುದ್ಧಕಾಲದ ಬೆಳ್ಳಿ ಮಿಶ್ರಿತ ನಿಕಲ್‌ಗಳನ್ನು ಮುಂದೆ ಸುಲಭವಾಗಿ ಬೇರ್ಪಡಿಸಲಿ ಎಂದು, ಹಿಂಬದಿಯಲ್ಲಿ ಜೆಫರ್ಸನ್ ಅವರ ಮನೆಯಾದ ಮಾಂಟಿಚೆಲ್ಲೊ ಭವನದ ಗುಮ್ಮಟದ ಮೇಲೆ ಟಂಕಸಾಲೆಯ ಗುರುತಿನ ಅಕ್ಷರವನ್ನು ದೊಡ್ಡದಾಗಿ ಒತ್ತಲಾಗುತ್ತಿತ್ತು. 1946ರಿಂದ ಆ ಗುರುತು ಮತ್ತೆ ಸಣ್ಣದಾಗಿ ಭವನದ ಬಲಪಕ್ಕಕ್ಕೆ ಹೋಯಿತು. ಫಿಲಡೆಲ್ಫಿಯಾದಲ್ಲಿ ಅಚ್ಚಾದವುಗಳಲ್ಲಿ ಗುರುತೇ ಇರಲಿಲ್ಲ. ಮುಂದೆ 1948 ಎಂಬ ವರ್ಷ, ಹಿಂದೆ ಗುಮ್ಮಟದ ಮೇಲೆ ದೊಡ್ಡ ಅಕ್ಷರ: ಇಂಥ ಜೋಡಿ ಯಾವ ಟಂಕಸಾಲೆಯಲ್ಲೂ ಅಚ್ಚಾಗಿರಲು ಸಾಧ್ಯವಿಲ್ಲ. ತೂಕವನ್ನೂ ನಾದವನ್ನೂ ನೋಡದೆ, ಬರಿಗಣ್ಣಿನಿಂದಲೇ ಆ ನಾಣ್ಯವನ್ನು ಹಿಡಿದುಹಾಕಬಹುದಿತ್ತು. ಒಳ್ಳೆಯ ಗಿಮಿಕ್ ತಯಾರಕ ಎರಡು ನಾಣ್ಯಗಳನ್ನು ಆರಿಸುವಾಗ ವರ್ಷ, ಗುರುತು, ಸವೆತ, ಬಣ್ಣ ಇವೆಲ್ಲವನ್ನೂ ಹೊಂದಿಸಿಕೊಂಡೇ ಲೇತ್ ಹತ್ತಿರ ಹೋಗುತ್ತಾನೆ. ಈ ನಾಣ್ಯವನ್ನು ಮಾಡಿದವನಿಗೆ ಲೋಹಗೆಲಸ ಚೆನ್ನಾಗಿ ಗೊತ್ತಿತ್ತು, ಅಮೆರಿಕದ ನಾಣ್ಯಗಳ ಪರಿಚಯ ಅಷ್ಟಿರಲಿಲ್ಲ ಎಂದು ನಾನು ಊಹಿಸುವುದು ಈ ಕಾರಣದಿಂದ.

ಇಂಥ ನಾಣ್ಯವನ್ನು ಕಡೆಯುವ ಬಗೆ

ಒಂದು ಪೊಳ್ಳು ನಾಣ್ಯಕ್ಕೆ ಎರಡು ನಾಣ್ಯಗಳು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಸರಳ. ನಿಕಲ್ ನಾಣ್ಯದ ದಪ್ಪ 1.95 ಮಿಲಿಮೀಟರ್, ವ್ಯಾಸ 21.21 ಮಿಲಿಮೀಟರ್, ತೂಕ 5 ಗ್ರಾಂ. ಅದನ್ನು ಅಡ್ಡಡ್ಡಲಾಗಿ ಸೀಳಿದರೆ ಗರಗಸದ ಬಾಯಿಗೆ ಹೋಗುವ ಲೋಹವೇ ದಪ್ಪದ ದೊಡ್ಡ ಪಾಲಾಗುತ್ತದೆ; ಉಳಿದ ಎರಡು ಹೋಳುಗಳನ್ನು ಜೋಡಿಸಿದರೆ ನಾಣ್ಯ ತೆಳ್ಳಗಾಗುತ್ತದೆ, ಮತ್ತು ಸೀಳಿನ ಗೆರೆ ಅಂಚಿನ ನಡುಮಧ್ಯದಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಒಂದು ನಾಣ್ಯವನ್ನು ಶೆಲ್ ಆಗಿಯೂ ಇನ್ನೊಂದನ್ನು ಅದರೊಳಗೆ ಕೂರುವ ಇನ್ಸರ್ಟ್ ಆಗಿಯೂ ಮಾಡುತ್ತಾರೆ. ಶೆಲ್‌ನಲ್ಲಿ ಒಂದು ಮುಖ ಹಾಗೂ ಇಡೀ ಅಂಚು ಉಳಿಯುತ್ತವೆ. ಇನ್ನೊಂದು ಮುಖವನ್ನು ಕಡೆದು ತೆಗೆಯಲಾಗುತ್ತದೆ. ಇನ್ಸರ್ಟ್‌ನಲ್ಲಿ ಅಂಚನ್ನು ಪೂರ್ತಿ ಕಡೆದುಹಾಕಿ, ಒಂದು ಮುಖವನ್ನು ಮಾತ್ರ ತೆಳುವಾದ ಬಿಲ್ಲೆಯಾಗಿ ಉಳಿಸಿಕೊಳ್ಳಲಾಗುತ್ತದೆ. ಡಬ್ಬಿಗೆ ಮುಚ್ಚಳ ಕೂತಂತೆ ಅದು ಶೆಲ್‌ನೊಳಗೆ ಕೂರುತ್ತದೆ. ಎರಡೂ ಕಡೆ ರಾಜನ ತಲೆ ಇರುವ ನಾಣ್ಯವೆಂದು ಜಾದೂ ಅಂಗಡಿಗಳಲ್ಲಿ ಮಾರುವುದು ಇದೇ ಕ್ರಮದ ವಸ್ತು. ಅಲ್ಲಿ ಇನ್ಸರ್ಟನ್ನು ಒಳಗೆ ಅಂಟಿಸಿಬಿಡುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಕೆಲಸದ ಮೊದಲ ಕಷ್ಟ ಹಿಡಿತದ್ದು. ನಾಣ್ಯದ ಎರಡೂ ಮುಖಗಳಲ್ಲಿ ಉಬ್ಬು ಚಿತ್ರವಿರುವುದರಿಂದ ಅದು ಎಲ್ಲೂ ಸಮತಟ್ಟಾಗಿ ಕೂರುವುದಿಲ್ಲ; ತುಂಡನ್ನು ಹಿಡಿಯುವ ಉಕ್ಕಿನ ಚಕ್‌ನ ಹಲ್ಲುಗಳಿಗೆ ಕೊಟ್ಟರೆ ಅಂಚಿನ ಮೇಲೆ ಕಚ್ಚಿದ ಗುರುತು ಮೂಡುತ್ತದೆ. ಇದಕ್ಕಾಗಿ ಹಿತ್ತಾಳೆಯ ಅಥವಾ ಅಲ್ಯೂಮಿನಿಯಮ್ಮಿನ ತುಂಡೊಂದನ್ನು ಲೇತ್‌ಗೆ ಕಟ್ಟಿ, ಅದರಲ್ಲಿ ನಾಣ್ಯದ ವ್ಯಾಸಕ್ಕೆ ಸರಿಯಾದ ಆಳವಿಲ್ಲದ ಗುಂಡಿಯನ್ನು ಅಲ್ಲೇ ಕೊರೆದು, ನಾಣ್ಯವನ್ನು ಅದರಲ್ಲಿ ಕೂರಿಸುತ್ತಾರೆ. ಗುಂಡಿಯನ್ನು ಲೇತ್‌ನಿಂದ ಬಿಚ್ಚದೆಯೇ ಕೊರೆದಿರುವುದರಿಂದ ನಾಣ್ಯದ ಕೇಂದ್ರವೂ ಲೇತ್‌ನ ಕೇಂದ್ರವೂ ಒಂದೇ ಆಗುತ್ತವೆ. ಗಡಿಯಾರ ರಿಪೇರಿಯವರು ತೆಳು ಬಿಲ್ಲೆಗಳನ್ನು ಅರಗಿನಿಂದ ಅಂಟಿಸಿ ಕಡೆಯುವ ಹಳೆಯ ವಿಧಾನವೂ ಇಲ್ಲಿ ಚೆನ್ನಾಗಿ ನಡೆಯುತ್ತದೆ: ಬಿಸಿ ಮಾಡಿದರೆ ಅರಗು ಮೆತ್ತಗಾಗಿ ನಾಣ್ಯ ಕೂರುತ್ತದೆ, ತಣ್ಣಗಾದರೆ ಗಟ್ಟಿಯಾಗಿ ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ಸ್ಪಿರಿಟ್‌ನಲ್ಲಿ ನೆನೆಸಿದರೆ ಮುಖದ ಮೇಲೆ ಗೀರಿಲ್ಲದೆ ಬಿಟ್ಟುಕೊಳ್ಳುತ್ತದೆ.

ಎರಡನೆಯ ಕಷ್ಟ ಗೆರೆಯದ್ದು, ಮತ್ತು ಕಸುಬಿನ ಜಾಣತನವೆಲ್ಲ ಇರುವುದು ಇಲ್ಲೇ. ಎಷ್ಟು ಬಿಗಿಯಾಗಿ ಜೋಡಿಸಿದರೂ ಎರಡು ತುಂಡುಗಳ ನಡುವೆ ಒಂದು ಗೆರೆ ಇದ್ದೇ ಇರುತ್ತದೆ. ಅದನ್ನು ಅಳಿಸಲಾಗದು, ಅಡಗಿಸಬಹುದು. ನಾಣ್ಯದ ಬಯಲು ಮುಗಿದು ಉಬ್ಬಿದ ಅಂಚು ಏಳುವ ಮೂಲೆಯಲ್ಲಿ ಮೊದಲೇ ಒಂದು ನೆರಳಿನ ಗೆರೆ ಇರುತ್ತದೆ. ಇನ್ಸರ್ಟ್‌ನ ವ್ಯಾಸವನ್ನು ಸರಿಯಾಗಿ ಆ ಮೂಲೆಗೆ ಹೊಂದಿಸಿದರೆ ಜೋಡಣೆಯ ಗೆರೆ ಆ ನೆರಳಿನಲ್ಲಿ ಕರಗಿಹೋಗುತ್ತದೆ. ಕೂದಲೆಳೆಯಷ್ಟು ದೊಡ್ಡದಾದರೆ ಅಂಚಿನ ಒಳಬದಿ ಕತ್ತರಿಸಿಹೋಗಿ ಅಂಚು ಸಣಕಲಾಗುತ್ತದೆ. ಅಷ್ಟೇ ಚಿಕ್ಕದಾದರೆ ಅಂಚಿಗೆ ತಾಗಿಕೊಂಡಿರುವ ಅಕ್ಷರಗಳ ಬುಡ ಹೋಗುತ್ತದೆ. ನಿಕಲ್‌ನ ಹಿಂಬದಿಯಲ್ಲಿ ದೇಶದ ಹೆಸರೂ ಧ್ಯೇಯವಾಕ್ಯವೂ ಅಂಚಿನ ಪಕ್ಕದಲ್ಲೇ ಸುತ್ತುವರಿದಿರುವುದರಿಂದ ಅದನ್ನು ಕಡೆಯುವವನಿಗೆ ತಪ್ಪಲು ಜಾಗವೇ ಇರುವುದಿಲ್ಲ. ಹಳೆಯ ನಾಣ್ಯಗಳಲ್ಲಿ ಅಂಚು ಒಂದೊಂದು ಕಡೆ ಒಂದೊಂದು ರೀತಿ ಸವೆದಿರುತ್ತದೆಯಾದ್ದರಿಂದ ಎರಡನ್ನೂ ಅಳೆದು, ಶೆಲ್‌ನ ಒಳವ್ಯಾಸವನ್ನು ಮೊದಲು ಮುಗಿಸಿ, ಆಮೇಲೆ ಇನ್ಸರ್ಟನ್ನು ಅದಕ್ಕೆ ತಕ್ಕಂತೆ ಸ್ವಲ್ಪಸ್ವಲ್ಪವೇ ಇಳಿಸುತ್ತ, ಪ್ರತಿ ಸಲವೂ ಕೂರಿಸಿ ನೋಡುತ್ತ ಹೋಗುವುದು ವಾಡಿಕೆ. ಕೊನೆಯ ಹಂತದಲ್ಲಿ ಮೈಕ್ರೊಮೀಟರ್ ಹೇಳುವುದಕ್ಕಿಂತ ಬೆರಳ ತುದಿ ಹೇಳುವುದನ್ನೇ ನಂಬಬೇಕಾಗುತ್ತದೆ.

ನಿಕಲ್ ನಾಣ್ಯವನ್ನೇ ಆರಿಸಿಕೊಂಡದ್ದರಲ್ಲಿ ಎರಡು ಅನುಕೂಲಗಳಿದ್ದವು. ಡೈಮ್ (ಹತ್ತು ಸೆಂಟ್), ಕ್ವಾರ್ಟರ್ (ಇಪ್ಪತ್ತೈದು ಸೆಂಟ್), ಅರ್ಧ ಡಾಲರ್‌ಗಳ ಅಂಚಿನಲ್ಲಿ ಗೀರುಗಳಿರುತ್ತವೆ. ನಿಕಲ್‌ನ ಅಂಚು ನುಣುಪು, ಆದ್ದರಿಂದ ಹಿಡಿತದಲ್ಲಿ ಗೀರುಗಳು ಕೆಡುವ ಚಿಂತೆ ಇಲ್ಲ. ಜೊತೆಗೆ ಅದು ಮೇಲಿನಿಂದ ಕೆಳಗಿನವರೆಗೆ ಒಂದೇ ಮಿಶ್ರಲೋಹ. 1965ರ ನಂತರದ ಅಮೆರಿಕದ ಕ್ವಾರ್ಟರ್‌ಗಳಂತೆ ತಾಮ್ರದ ತಿರುಳಿನ ಮೇಲೆ ಬಿಳಿ ಲೋಹದ ಪದರ ಹೊದಿಸಿದ ನಾಣ್ಯವನ್ನು ಕಡೆದರೆ ಒಳಗಿನ ಕೆಂಪು ಬಯಲಾಗುತ್ತದೆ. ಶೆಲ್ ಮಾಡುವವರು ಇಂದಿಗೂ 1964ರವರೆಗಿನ, ಶೇ. 90 ಬೆಳ್ಳಿಯ ಅರ್ಧ ಡಾಲರ್‌ಗಳನ್ನು ಹುಡುಕಿ ಹೆಚ್ಚಿನ ಬೆಲೆಗೆ ಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಎಷ್ಟು ಲೋಹ ತೆಗೆದಿರಬಹುದು? ಒಳಗಿನ ಕುಳಿ 16 ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರ್ ಆಳ ಎಂದು ಲೆಕ್ಕಕ್ಕೆ ಹಿಡಿದರೆ ಸುಮಾರು 100 ಘನ ಮಿಲಿಮೀಟರ್ ಲೋಹ ಹೋಗಿರುತ್ತದೆ. ಘನ ಸೆಂಟಿಮೀಟರಿಗೆ 8.9 ಗ್ರಾಂ ತೂಗುವ ಆ ಮಿಶ್ರಲೋಹದ ಲೆಕ್ಕದಲ್ಲಿ ಇದು 0.9 ಗ್ರಾಂ ಆಗುತ್ತದೆ, ಅಂದರೆ 5 ಗ್ರಾಮಿನ ನಾಣ್ಯದಲ್ಲಿ ಹೆಚ್ಚುಕಡಿಮೆ ಆರನೆಯ ಒಂದು ಭಾಗ. ಒಂದೇ ನಾಣ್ಯವನ್ನು ಕೈಗೆ ಕೊಟ್ಟರೆ ಈ ವ್ಯತ್ಯಾಸ ಬಹಳ ಜನರಿಗೆ ತಿಳಿಯುವುದಿಲ್ಲ. ಅದೇ ಬಗೆಯ ಬೇರೆ ನಾಣ್ಯಗಳ ಜೊತೆಯಲ್ಲಿ ಕೊಟ್ಟರೆ, ಅದರಲ್ಲೂ ದಿನವೂ ಚಿಲ್ಲರೆ ಎಣಿಸುವ ಪತ್ರಿಕೆ ಹುಡುಗನ ಕೈಗೆ ಕೊಟ್ಟರೆ, ತಿಳಿಯದಿರುವುದೇ ಆಶ್ಚರ್ಯ.

ಬಿದ್ದಾಗ ಏಕೆ ತೆರೆಯಿತು

ರಂಧ್ರದ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಈ ನಾಣ್ಯದಲ್ಲಿ ನಾನು ಮನಸಾರೆ ಮೆಚ್ಚುವ ಭಾಗ ಅದು. ‘ಆರ್’ ಅಕ್ಷರದ ತಲೆಯಲ್ಲಿ ಸುತ್ತಲೂ ಗೆರೆಯಿಂದ ಆವರಿಸಿದ ಪುಟ್ಟ ಜಾಗವಿದೆ. ಚಲಾವಣೆಯ ನಾಣ್ಯಗಳಲ್ಲಿ ಅಂಥ ಜಾಗದಲ್ಲಿ ಕೊಳೆ ತುಂಬಿ ಕಪ್ಪಾಗಿಯೇ ಇರುವುದರಿಂದ ಆ ಅಕ್ಷರದಲ್ಲಿ ಒಂದು ಕಪ್ಪು ಚುಕ್ಕೆ ಕಂಡರೆ ಯಾರೂ ಎರಡನೆಯ ಸಲ ನೋಡುವುದಿಲ್ಲ. ಆ ಬರಹ ನಾಣ್ಯದ ಎಡ ಅಂಚಿನಲ್ಲಿ ಇರುವುದರಿಂದ ತೂರಿದ ಸೂಜಿ ಒಳಗಿನ ಛಾಯಾಚಿತ್ರದ ನಡುವಿಗೆ ಚುಚ್ಚುವುದಿಲ್ಲ, ಇನ್ಸರ್ಟ್‌ನ ಒಂದು ಪಕ್ಕವನ್ನು ಮೊದಲು ಎತ್ತುತ್ತದೆ. ಒಂದು ಪಕ್ಕ ಎದ್ದರೆ ಬಿಗಿಯಾಗಿ ಕೂತ ಬಿಲ್ಲೆ ಸುಲಭವಾಗಿ ಬಿಡುತ್ತದೆ. ಇದಲ್ಲದೆ ಗಾಳಿ ಆಡುವ ದಾರಿಯೂ ಅದೇ: ರಂಧ್ರವಿಲ್ಲದ ಬಿಗಿ ಜೋಡಣೆಯಲ್ಲಿ ಮುಚ್ಚುವಾಗ ಒಳಗಿನ ಗಾಳಿ ಅಡ್ಡ ಬರುತ್ತದೆ, ತೆರೆಯುವಾಗ ಹೊರಗಿನ ಗಾಳಿಯ ಒತ್ತಡ ಹಿಡಿದುಕೊಳ್ಳುತ್ತದೆ.

ಜಾದೂಗಾರರ ನಾಣ್ಯಗಳಲ್ಲಿ ಸೂಜಿಯ ರಂಧ್ರ ಇರುವುದಿಲ್ಲ. ಅಮೆರಿಕದ ಅರ್ಧ ಡಾಲರ್ ಮತ್ತು ಮೆಕ್ಸಿಕೋದ ತಾಮ್ರದ ನಾಣ್ಯವನ್ನು ಜೋಡಿಸಿ ಮಾಡುವ, ‘ಸ್ಕಾಚ್ ಅಂಡ್ ಸೋಡಾ’ ಎಂಬ ಹೆಸರಿನ ಪ್ರಸಿದ್ಧ ಜೋಡಿಯನ್ನು ನೋಡಿ. ಅದರಲ್ಲಿ ತಾಮ್ರದ ತುಂಡು ಬೆಳ್ಳಿಯ ಶೆಲ್‌ನೊಳಗೆ ಬಿಗಿಯಾಗಿ ಕಚ್ಚಿಕೊಂಡು ಕೂರುತ್ತದೆ. ಪ್ರೇಕ್ಷಕರ ಕೈಗೆ ಕೊಟ್ಟರೂ ಬಿಚ್ಚಿಕೊಳ್ಳುವುದಿಲ್ಲ. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಡಿಸಲು ಜೊತೆಗೇ ಒಂದು ಲೋಹದ ಉಂಗುರ ಕೊಟ್ಟಿರುತ್ತಾರೆ. ಶೆಲ್‌ನ ಅಂಚು ಮಾತ್ರ ಉಂಗುರದ ಮೇಲೆ ನಿಲ್ಲುವಂತೆ ನಾಣ್ಯವನ್ನು ಇಟ್ಟು, ಉಂಗುರಸಮೇತ ಮೇಜಿನ ಮೇಲೆ ಬಲವಾಗಿ ಬಡಿದರೆ, ಶೆಲ್ ಅಲ್ಲೇ ನಿಲ್ಲುತ್ತದೆ, ಒಳಗಿನ ತುಂಡು ತನ್ನ ವೇಗದಲ್ಲೇ ಮುಂದುವರಿದು ಉಂಗುರದ ಕುಳಿಯೊಳಗೆ ಬೀಳುತ್ತದೆ. ಈ ಉಂಗುರಕ್ಕೆ ಕಸುಬಿನವರು ಬ್ಯಾಂಗ್ ರಿಂಗ್ ಎನ್ನುತ್ತಾರೆ.

ಫಾಸ್ಟರ್ ಅವೆನ್ಯೂನಲ್ಲಿ ನಡೆದದ್ದು ಇದೇ ಕ್ರಿಯೆ. ನೆಲಕ್ಕೆ ಬಿದ್ದ ಶೆಲ್ ಥಟ್ಟನೆ ನಿಂತಿತು, ಇನ್ಸರ್ಟ್ ನಿಲ್ಲಲಿಲ್ಲ. ಸೂಜಿಯಿಂದ ತೆರೆಯಲೆಂದು ಮಾಡಿದ ನಾಣ್ಯ ಬಡಿತಕ್ಕೂ ತೆರೆಯುತ್ತದೆ ಎಂದರೆ ಅದರ ಹಿಡಿತ ಸಾಲದಾಗಿತ್ತು. ಹೊಸದಾಗಿದ್ದಾಗ ಬಿಗಿಯಾಗಿದ್ದದ್ದು ಜೇಬಿನಲ್ಲಿ, ಗಲ್ಲಾಪೆಟ್ಟಿಗೆಯಲ್ಲಿ ತಿಕ್ಕಾಡಿ ಸಡಿಲಗೊಂಡಿರಬಹುದು. ಎರಡು ಬೇರೆ ಬೇರೆ ಮಿಶ್ರಲೋಹಗಳ ತುಂಡುಗಳು ಸಮನಾಗಿ ಸವೆಯುವುದೂ ಇಲ್ಲ. ಜಾದೂಗಾರನ ನಾಣ್ಯ ಅಂಥ ತಿಕ್ಕಾಟಕ್ಕೆ ಸಿಗುವುದು ಕಡಿಮೆ, ಏಕೆಂದರೆ ಅದು ಅವನ ಕೈಬಿಟ್ಟು ಎಲ್ಲೂ ಹೋಗುವುದಿಲ್ಲ.

ಜಾದೂ ಅಂಗಡಿಗಳ ಉತ್ತರ

ಎಫ್‌ಬಿಐ ಅಧಿಕಾರಿಗಳು ಆರಂಭದಲ್ಲೇ ನ್ಯೂಯಾರ್ಕ್ ಸುತ್ತಮುತ್ತ ಜಾದೂ ಮತ್ತು ವಿನೋದದ ಸಾಮಗ್ರಿ ಮಾರುವ ಅಂಗಡಿಗಳಿಗೆ ಹೋಗಿ ಈ ನಾಣ್ಯದ ಬಗ್ಗೆ ವಿಚಾರಿಸಿದರು. ಅಂಗಡಿಯವರು ಕೊಟ್ಟ ಉತ್ತರ ಒಂದೇ: ಇಂಥದ್ದನ್ನು ನಾವು ಕಂಡಿಲ್ಲ. ಒಳಗಿನ ಜಾಗ ತೀರ ಚಿಕ್ಕದು, ಒಂದು ಸಣ್ಣ ಕಾಗದದ ಚೂರನ್ನು ಬಿಟ್ಟು ಬೇರೇನನ್ನೂ ಬಚ್ಚಿಡಲಾಗದು, ಜಾದೂವಿಗೆ ಇದು ಉಪಯೋಗಕ್ಕೆ ಬಾರದು ಎಂದೂ ಅವರಲ್ಲೊಬ್ಬರು ವಿವರಿಸಿದರು.

ತನಿಖೆಯ ಕಥೆ ಹೇಳುವವರು ಸಾಮಾನ್ಯವಾಗಿ ಈ ಭಾಗವನ್ನು ಪ್ರಯೋಜನವಿಲ್ಲದ ಓಡಾಟವೆಂದು ಬೇಗ ದಾಟಿಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಮೊದಲ ನಾಲ್ಕು ವರ್ಷಗಳಲ್ಲಿ ಯಾರಾದರೂ ಕೊಟ್ಟ ಅತ್ಯಂತ ನಿಖರವಾದ ಅಭಿಪ್ರಾಯ ಅದು. ಜಾದೂವಿನ ಶೆಲ್‌ನೊಳಗೆ ಇರುವ ಜಾಗ ಇನ್ನೊಂದು ನಾಣ್ಯ ಕೂರುವ ಜಾಗ. ಶೆಲ್‌ನ ಅಂಚನ್ನು ಸ್ವಲ್ಪವೇ ಹಿಗ್ಗಿಸಿ, ಮಾಮೂಲಿ ನಾಣ್ಯವೊಂದು ಅದರೊಳಗೆ ಜಾರಿ ಕೂರುವಂತೆ ಮಾಡಿದಾಗ, ಎರಡು ನಾಣ್ಯಗಳು ಒಂದಾಗಿ ಕಾಣುತ್ತವೆ, ಒಂದು ಎರಡಾಗುತ್ತದೆ. ಮಡಚುವ ನಾಣ್ಯದಲ್ಲಿ ಒಳಗೆ ಜಾಗವೇ ಇರುವುದಿಲ್ಲ. ನಾಣ್ಯವನ್ನು ಅಕ್ಕಸಾಲಿಗರ ನವಿರು ಗರಗಸದಿಂದ ಮೂರು ತುಂಡು ಮಾಡಿ, ಅಂಚಿನಲ್ಲಿ ಕೊರೆದ ಕಾಲುವೆಯಲ್ಲಿ ರಬ್ಬರ್ ಬ್ಯಾಂಡ್ ಕೂರಿಸಿರುತ್ತಾರೆ, ಬಾಟಲಿಯ ಸಣ್ಣ ಬಾಯಿಯಿಂದ ಒಳಗೆ ಹೋಗಲಿ ಎಂದು. ಈ ಎಲ್ಲ ಬಗೆಗಳಲ್ಲೂ ನಾಣ್ಯ ಪ್ರೇಕ್ಷಕನ ಕಣ್ಣಿನ ಮುಂದೆ ಏನನ್ನೋ ಮಾಡಬೇಕು. ಮುಚ್ಚಿಕೊಂಡು ಸುಮ್ಮನಿರುವುದಷ್ಟೇ ಕೆಲಸವಾಗಿರುವ ನಾಣ್ಯ ರಂಗದ ಮೇಲೆ ನಿರುಪಯೋಗಿ. ಅಂಗಡಿಯವರು ಇದನ್ನು ಒಂದೇ ನೋಟದಲ್ಲಿ ಕಂಡರು. ಜಾದೂಗಾರನ ಕೈಯಿಂದ ತಪ್ಪಿ ಚಲಾವಣೆಗೆ ಬಂದ ವಸ್ತು ಎಂಬ ಸರಳ ವಿವರಣೆ ಅದರೊಂದಿಗೆ ಬಿದ್ದುಹೋಯಿತು.

ಅದೇ ನಗರದಲ್ಲಿ, ಅದೇ 1953ರಲ್ಲಿ, ಅಮೆರಿಕದ ಹೆಸರಾಂತ ಜಾದೂಗಾರ ಜಾನ್ ಮುಲ್‌ಹೊಲೆಂಡ್ ಅವರು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗಾಗಿ ಗುಟ್ಟಿನಲ್ಲಿ ಒಂದು ಕೈಪಿಡಿ ಬರೆಯಲು ಒಪ್ಪಿಕೊಂಡಿದ್ದರು. ಜಾದೂವಿನ ಕೈಚಳಕವನ್ನು ಗೂಢಚಾರರು ಹೇಗೆ ಬಳಸಬಹುದು ಎಂಬುದು ಅದರ ವಿಷಯ. ಎರಡು ಕಸುಬುಗಳ ನಡುವಿನ ಕೊಡುಕೊಳ್ಳುವಿಕೆ ಆಗಲೇ ನಡೆದಿತ್ತು. ನಿಕಲ್ ಹಿಡಿದು ಅಂಗಡಿ ಅಲೆಯುತ್ತಿದ್ದ ಅಧಿಕಾರಿಗಳಿಗೆ ಅದು ತಿಳಿದಿರುವ ಪ್ರಮೇಯವಿರಲಿಲ್ಲ.

ನಾಲ್ಕು ವರ್ಷಗಳ ನಂತರ

ಛಾಯಾಚಿತ್ರದಲ್ಲಿ ಹತ್ತು ಲಂಬ ಸಾಲುಗಳಲ್ಲಿ ಐದೈದು ಅಂಕಿಗಳ ಗುಂಪುಗಳಿದ್ದವು. ಆ ಸಂಕೇತವನ್ನು ಬಿಡಿಸಲು 1957ರವರೆಗೆ ಯಾರಿಂದಲೂ ಆಗಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ, ಮಾಸ್ಕೋಗೆ ಹಿಂದಿರುಗುವ ಆದೇಶ ಪಡೆದಿದ್ದ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಅಧಿಕಾರಿ ರೈನೊ ಹೈಹನೆನ್ ಪ್ಯಾರಿಸ್ಸಿನ ಅಮೆರಿಕದ ರಾಯಭಾರ ಕಚೇರಿಗೆ ಹೋಗಿ ಶರಣಾದ. ಅವನು ಕೊಟ್ಟ ಮಾಹಿತಿಯಿಂದ ಜೂನ್ ಆರಂಭದಲ್ಲಿ ಸಂದೇಶ ಬಿಡಿಸಲ್ಪಟ್ಟಿತು. ಅದು ಅವನಿಗೇ ಕಳಿಸಿದ್ದ ಸಂದೇಶ: ಸುರಕ್ಷಿತವಾಗಿ ತಲುಪಿದ್ದಕ್ಕೆ ಅಭಿನಂದನೆ, ಮೂರು ಸಾವಿರ ಸ್ಥಳೀಯ ಹಣ ಕೊಡಿಸುವ ವ್ಯವಸ್ಥೆ, ಮನೆಯವರು ಕ್ಷೇಮ, ಸಂಗಾತಿಗಳ ಶುಭಾಶಯ. ಅವನು ನ್ಯೂಯಾರ್ಕ್‌ಗೆ ಬಂದಿಳಿದದ್ದು 1952ರ ಅಕ್ಟೋಬರ್‌ನಲ್ಲಿ; ಸಂದೇಶದ ಕೊನೆಯಲ್ಲಿದ್ದ ದಿನಾಂಕ ಡಿಸೆಂಬರ್ 3. ಅಂದರೆ ಬರೆದ ಆರು ತಿಂಗಳ ಮೇಲೆ, ಆ ನಾಣ್ಯ ಐದು ಸೆಂಟಿನ ಬೆಲೆಗೆ ಕೈಯಿಂದ ಕೈಗೆ ದಾಟುತ್ತಿತ್ತು.

ಹೈಹನೆನ್ ಒದಗಿಸಿದ ಇನ್ನೊಂದು ಸಾಕ್ಷ್ಯ ನಮ್ಮ ವಿಷಯಕ್ಕೆ ಸಂದೇಶಕ್ಕಿಂತ ಮುಖ್ಯ. ಪೀಕ್‌ಸ್ಕಿಲ್‌ನಲ್ಲಿದ್ದ ಅವನ ಮನೆಯಲ್ಲಿ ಪೊಳ್ಳಾಗಿಸಿದ 50 ಮಾರ್ಕಾದ ಫಿನ್ಲೆಂಡ್ ನಾಣ್ಯವೊಂದು ಸಿಕ್ಕಿತು. ಅದರ ಹಿಂಬದಿಯ ‘ತಸವಲ್ತ’ (ಗಣರಾಜ್ಯ) ಎಂಬ ಪದದ ಮೊದಲ ‘ಎ’ ಅಕ್ಷರದಲ್ಲಿ ಸಣ್ಣ ರಂಧ್ರವಿತ್ತು. ‘ಆರ್’ನಂತೆಯೇ ‘ಎ’ಯಲ್ಲೂ ಗೆರೆಗಳ ನಡುವೆ ಮುಚ್ಚಿದ ಜಾಗವಿದೆ. ಒಂದು ಅಲ್ಯೂಮಿನಿಯಂ ಕಂಚಿನ ನಾಣ್ಯ, ಇನ್ನೊಂದು ನಿಕಲ್. ಎರಡು ದೇಶಗಳದು, ಎರಡು ಗಾತ್ರದವು. ರಂಧ್ರಕ್ಕೆ ಅಕ್ಷರ ಆರಿಸಿದ ಬುದ್ಧಿ ಮಾತ್ರ ಒಂದೇ. ಕೆಲಸದ ಶೈಲಿಯಿಂದ ಕಮ್ಮಾರಸಾಲೆಯನ್ನು ಗುರುತಿಸುವುದು ನಮ್ಮಲ್ಲೂ ಹಳೆಯ ರೂಢಿ, ಮತ್ತು ಈ ಎರಡು ರಂಧ್ರಗಳನ್ನು ಅಕ್ಕಪಕ್ಕ ಇಟ್ಟವರಿಗೆ ಅವು ಒಂದೇ ಕಾರ್ಯಾಗಾರದ ಅಥವಾ ಒಂದೇ ಪಾಠದ ಫಲ ಎಂದು ಅನಿಸದಿರದು. ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪಾರ್ಕ್‌ನಲ್ಲಿ ಅವನು ತೋರಿಸಿದ ಮೆಟ್ಟಿಲ ಬಿರುಕಿನೊಳಗೆ ಸುಮಾರು ಎರಡು ಅಂಗುಲ ಉದ್ದದ ಪೊಳ್ಳು ಬೋಲ್ಟ್ ಕೂಡ ಸಿಕ್ಕಿತು.

ಹೈಹನೆನ್‌ನ ಮೇಲಧಿಕಾರಿಯನ್ನು 1957ರ ಜೂನ್ 21ರಂದು ಮ್ಯಾನ್‌ಹ್ಯಾಟನ್‌ನ ಲೇಥಮ್ ಹೋಟೆಲಿನಲ್ಲಿ ಬಂಧಿಸಲಾಯಿತು. ರುಡಾಲ್ಫ್ ಆಬೆಲ್ ಎಂದು ಹೆಸರು ಹೇಳಿಕೊಂಡ ಅವನ ನಿಜನಾಮ ವಿಲ್ಯಮ್ ಫಿಶರ್. ಅವನ ವಸ್ತುಗಳಲ್ಲಿ ಪೊಳ್ಳು ಹಿಡಿಕೆಯ ಶೇವಿಂಗ್ ಬ್ರಷ್, ಪೊಳ್ಳು ಬೋಲ್ಟ್‌ಗಳು ಮೊದಲಾದವು ಇದ್ದವು. ಬೋಲ್ಟ್ ಮತ್ತು ಬ್ರಷ್‌ಗಳ ಆಯ್ಕೆ ಬಹಳ ವಿವೇಕದ್ದು. ಬೋಲ್ಟನ್ನು ಯಾರೂ ಅಂಗಡಿಯಲ್ಲಿ ಚಿಲ್ಲರೆಯಾಗಿ ಕೊಡುವುದಿಲ್ಲ. ಅದರ ಮೇಲೆ ತಿರುಪಿನ ಎಳೆಗಳನ್ನು ಕೊರೆದು ತಿರುಗಿಸಿ ಮುಚ್ಚಬಹುದು, ಬಿದ್ದರೂ ತೆರೆಯುವುದಿಲ್ಲ. ಸುಮಾರು ಎರಡು ಮಿಲಿಮೀಟರ್ ದಪ್ಪದ ನಾಣ್ಯದಲ್ಲಿ ಗಟ್ಟಿಯಾದ ಎಳೆ ಕೊರೆಯಲು ಲೋಹವೇ ಸಾಲದು, ಕಚ್ಚುವಿಕೆಯನ್ನಷ್ಟೇ ನೆಚ್ಚಿಕೊಳ್ಳಬೇಕು.

ನಾಣ್ಯದ ಮೂಲ ದೋಷ ಅಲ್ಲಿದೆ ಎಂದು ನನ್ನ ನಂಬಿಕೆ. ಅದನ್ನು ಬಚ್ಚಿಡಲು ಅತ್ಯುತ್ತಮ ಜಾಗ ಬೇರೆ ನಾಣ್ಯಗಳ ನಡುವೆ. ಅದು ಕಳೆದುಹೋಗಲು ಅತ್ಯಂತ ಸುಲಭವಾದ ಜಾಗವೂ ಅದೇ. ಜಾದೂಗಾರರು ಇದನ್ನು ತಲೆಮಾರುಗಳ ಅನುಭವದಿಂದ ಕಲಿತಿದ್ದಾರೆ: ಗಿಮಿಕ್ ನಾಣ್ಯಕ್ಕೆ ಬೇರೆ ಜೇಬು, ಬೇರೆ ಚೀಲ, ಪ್ರದರ್ಶನಕ್ಕೆ ಮುಂಚೆ ಮತ್ತು ನಂತರ ಎಣಿಕೆ. ಹಲವರು ಚಲಾವಣೆಯಲ್ಲಿ ಈಗ ಕಾಣದ ಅರ್ಧ ಡಾಲರ್‌ಗಳನ್ನೇ ಬಳಸುವುದರಿಂದ ಅವು ಚಿಲ್ಲರೆಯ ಜೊತೆ ಬೆರೆಯುವುದೂ ಇಲ್ಲ. ತಯಾರಕನ ಕೆಲಸ ನಾಣ್ಯವನ್ನು ಒಪ್ಪಿಸಿದಲ್ಲಿಗೆ ಮುಗಿಯುವುದಿಲ್ಲ. ಬಳಸುವವನು ಮಾತ್ರ ಗುರುತಿಸಬಲ್ಲ ಒಂದು ಗೀರನ್ನೋ, ಅಂಚಿನಲ್ಲಿ ಉಗುರಿಗೆ ಸಿಗುವ ಸಣ್ಣ ಕಚ್ಚನ್ನೋ ಮಾಡಿಕೊಡುವುದು ಒಳ್ಳೆಯ ಕಸುಬುದಾರರ ಪದ್ಧತಿ. ನಿಕಲ್‌ನಲ್ಲಿದ್ದ ಒಂದೇ ಗುರುತು ಸೂಜಿಮೊನೆಯಷ್ಟು ರಂಧ್ರ. ಕತ್ತಲಲ್ಲಿ, ಕೋಟಿನ ಜೇಬಿನೊಳಗೆ ಬೆರಳಿಗೆ ಅದು ಸಿಗುವಂಥದ್ದಲ್ಲ.

ಕಾನೂನು ಮತ್ತು ನಮ್ಮ ನಾಣ್ಯಗಳು

1957ರ ಅಕ್ಟೋಬರ್‌ನಲ್ಲಿ ನಡೆದ ವಿಚಾರಣೆಯಲ್ಲಿ ಪತ್ರಿಕೆ ಹುಡುಗನೂ ಸಾಕ್ಷಿ ನುಡಿದ. ನವೆಂಬರ್ 15ರಂದು ಆಬೆಲ್‌ಗೆ 30 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. 1962ರ ಫೆಬ್ರವರಿ 10ರಂದು ಬರ್ಲಿನ್‌ನ ಗ್ಲೀನಿಕೆ ಸೇತುವೆಯ ಮೇಲೆ ಅವನನ್ನು ಯು–2 ಬೇಹುಗಾರಿಕೆ ವಿಮಾನದ ಚಾಲಕ ಫ್ರಾನ್ಸಿಸ್ ಗ್ಯಾರಿ ಪವರ್ಸ್‌ಗೆ ಬದಲಾಗಿ ಬಿಡುಗಡೆ ಮಾಡಲಾಯಿತು. ಪವರ್ಸ್ ಹಾರಾಟಕ್ಕೆ ಹೊರಟಾಗ ಅವನ ಬಳಿಯೂ ಒಂದು ಗಿಮಿಕ್ ನಾಣ್ಯವಿತ್ತು, ವಿಷದ ಸೂಜಿಯನ್ನು ಅಡಗಿಸಿದ ಬೆಳ್ಳಿಯ ಡಾಲರ್.

ಈ ಯಾವ ಪ್ರಕ್ರಿಯೆಯಲ್ಲೂ ನಾಣ್ಯವನ್ನು ಕೊರೆದದ್ದೇ ಅಪರಾಧವಾಗಿರಲಿಲ್ಲ. ಅಮೆರಿಕದ ಕಾನೂನಿನಲ್ಲಿ ನಾಣ್ಯವನ್ನು ವಂಚನೆಯ ಉದ್ದೇಶದಿಂದ ಮಾರ್ಪಡಿಸಿದರೆ ಮಾತ್ರ ತಪ್ಪು. ಆದ್ದರಿಂದಲೇ ಅಲ್ಲಿ ಗಿಮಿಕ್ ನಾಣ್ಯ ತಯಾರಿಕೆ ಬಹಿರಂಗವಾಗಿ ನಡೆಯುವ ಉದ್ಯಮವಾಗಿ ಬೆಳೆದಿದೆ. ನಮ್ಮಲ್ಲಿ ಪರಿಸ್ಥಿತಿ ಬೇರೆ. 2011ರ ನಾಣ್ಯ ಕಾಯ್ದೆ ನಾಣ್ಯಗಳನ್ನು ಕರಗಿಸುವುದನ್ನೂ ನಾಶಪಡಿಸುವುದನ್ನೂ ನಿಷೇಧಿಸುತ್ತದೆ, ಜೈಲುಶಿಕ್ಷೆಯನ್ನೂ ವಿಧಿಸುತ್ತದೆ. ಕರ್ನಾಟಕದಲ್ಲಿ ಲೇತ್ ಕೆಲಸ ಬಲ್ಲ ಜಾದೂಪ್ರಿಯರು ಈ ಕಸುಬಿಗೆ ಕೈಹಾಕುವ ಮುನ್ನ ಆ ಕಾಯ್ದೆಯನ್ನು ಓದಬೇಕು. ಲೋಹದ ಅಡ್ಡಿಯೂ ಇದೆ: 1992ರಿಂದ ಒಂದು ರೂಪಾಯಿಯ ನಾಣ್ಯ ಸ್ಟೇನ್‌ಲೆಸ್ ಸ್ಟೀಲಿನದು, ಹಳೆಯ ತಾಮ್ರ–ನಿಕಲ್ ರೂಪಾಯಿಯಷ್ಟು ವಿಧೇಯವಾಗಿ ಅದು ಟೂಲ್‌ಗೆ ಬಗ್ಗುವುದಿಲ್ಲ, ತೆಳುವಾಗಿಸುವಾಗ ಬಿಸಿಯಾಗಿ ಸೊಟ್ಟಗಾಗುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅಮೆರಿಕದ ನಾಣ್ಯವನ್ನು ಮೇಲಿನಿಂದ ಕೆಳಕ್ಕೆ ಮಗುಚಿದರೆ ಹಿಂಬದಿಯ ಚಿತ್ರ ನೆಟ್ಟಗೆ ಕಾಣುತ್ತದೆ, ನಮ್ಮದನ್ನು ಪಕ್ಕಕ್ಕೆ ತಿರುವಿದರೆ ಮಾತ್ರ ನೆಟ್ಟಗಿರುತ್ತದೆ. ಇನ್ಸರ್ಟ್ ಕೂರಿಸುವಾಗ ಇದನ್ನು ಮರೆತರೆ ನೋಡಿದವರ ಕಣ್ಣಿಗೆ ಏನೋ ಸರಿಯಿಲ್ಲ ಎನಿಸುತ್ತದೆ.

ಕಲಿಯುವವರಿಗೆ ನಾಣ್ಯ ಬೇಕಾಗಿಯೇ ಇಲ್ಲ. ನಿಕಲ್‌ನ ಅಳತೆಯವೇ ಆದ ಹಿತ್ತಾಳೆ ಬಿಲ್ಲೆಗಳನ್ನು ಕಡೆದುಕೊಂಡು, ಒಂದರಲ್ಲಿ ಶೆಲ್, ಇನ್ನೊಂದರಲ್ಲಿ ಇನ್ಸರ್ಟ್ ಮಾಡಿ, ಜೋಡಿಸಿ, ಎದೆಯೆತ್ತರದಿಂದ ಸಿಮೆಂಟ್ ನೆಲಕ್ಕೆ ಬೀಳಿಸಿ ನೋಡಬಹುದು. ಹತ್ತು ಸಲ ಬಿದ್ದರೂ ತೆರೆಯದ, ಸೂಜಿ ತಾಗಿದೊಡನೆ ತೆರೆಯುವ ಜೋಡಣೆಗೆ ಅಳತೆಯ ಅಂತರ ಎಷ್ಟಿರಬೇಕು ಎಂಬುದು ಅಲ್ಲಿ ಗೊತ್ತಾಗುತ್ತದೆ.